ಸೆಲ್ಫ್ ಹೊಡೀತೈತಿ, ಚಾಲೂ ಆಗವಲ್ದು

ಮಳೆಗಾಲದ ಬೆಳಗ್ಗೆ ಪುಣೆಯ ಯಾವ ಗ್ಯಾರೇಜಿನ ಮುಂದೆ ನಿಂತರೂ ಕಿವಿಗೆ ಬೀಳುವ ದೂರು ಹೆಚ್ಚುಕಡಿಮೆ ಒಂದೇ. ಮರಾಠಿಯವರು 'ಗಾಡಿ ಚಾಲೂ ಹೋತ ನಾಹೀ' ಎನ್ನುತ್ತಾರೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ದುಡಿಯಲು ಬಂದವರು 'ಸೆಲ್ಫ್ ಹೊಡೀತೈತಿ, ಚಾಲೂ ಆಗವಲ್ದು' ಎನ್ನುತ್ತಾರೆ. ಎರಡನೆಯ ಮಾತಿಗೆ ಬೆಲೆ ಹೆಚ್ಚು. ಸೆಲ್ಫ್ ಹೊಡೆಯುತ್ತಿದೆ ಎಂಬ ಒಂದು ವಿವರ ಅದರಲ್ಲಿ ಸೇರಿದೆ, ಆ ವಿವರದಿಂದಲೇ ಅರ್ಧ ಗಾಡಿ ಅನುಮಾನದಿಂದ ಹೊರಗೆ ಬರುತ್ತದೆ. ಸ್ಟಾರ್ಟರ್ ಮೋಟಾರು ಸರಿಯಿದೆ, ರಿಲೇ ಸರಿಯಿದೆ, ಎಂಜಿನ್ ಜಾಮ್ ಆಗಿಲ್ಲ, ಬ್ಯಾಟರಿ ಪೂರ್ತಿ ಸತ್ತಿಲ್ಲ.

ಇದನ್ನು ಕೇಳಿಸಿಕೊಂಡ ಮೆಕ್ಯಾನಿಕ್ ಎರಡು ಥರ ಉತ್ತರ ಕೊಡಬಹುದು. 'ಕಾಯಿಲ್ ಹೋಗಿರ್ಬೇಕ್ರೀ, ಹೊಸಾದ್ ಹಾಕಿ ನೋಡೂಣು' ಎನ್ನುವುದು ಒಂದು. 'ರಾತ್ರಿ ಮಳ್ಯಾಗ ನಿಂತಿತ್ತೇನ್ರೀ ಅಣ್ಣಾ? ಸೆಲ್ಫ್ ಹೊಡದಾಗ ಪೆಟ್ರೋಲ್ ವಾಸನಿ ಬರತೈತೇನು?' ಎಂದು ಕೇಳುವುದು ಇನ್ನೊಂದು. ಮೊದಲನೆಯದು ಸಾಮಾನು ಬದಲಿಸುವ ಕೆಲಸ, ಎರಡನೆಯದು ರಿಪೇರಿ. ಕಳೆದ ಕೆಲವು ವರ್ಷಗಳಲ್ಲಿ ಗಾಡಿಗಳು ಬದಲಾಗಿರುವ ರೀತಿ ನೋಡಿದರೆ ಎರಡನೆಯ ಕೆಲಸಕ್ಕೆ ಜಾಗ ಕಿರಿದಾಗುತ್ತಿದೆ. ಅದಕ್ಕೆ ಮೆಕ್ಯಾನಿಕ್‌ಗಳ ಸೋಮಾರಿತನ ಸ್ವಲ್ಪ ಕಾರಣ, ಗಾಡಿ ಕಟ್ಟುವವರ ಮುಚ್ಚುಮರೆ ಬಹಳ ಕಾರಣ.

ಈ ಮಾತನ್ನು ಆಡಲು ಪುಣೆಗಿಂತ ತಕ್ಕ ಊರು ಬೇರೆ ಸಿಗುವುದಿಲ್ಲ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದು ಹೆಸರಾಗಿದ್ದ ನಗರ ಇದು. 2018ರಲ್ಲಿ ಇಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 36 ಲಕ್ಷ ದಾಟಿ, ನಗರದ ಅಂದಾಜು ಜನಸಂಖ್ಯೆಯಾದ 35 ಲಕ್ಷವನ್ನೇ ಮೀರಿತು. ಅದರಲ್ಲಿ ಸುಮಾರು 27 ಲಕ್ಷ ದ್ವಿಚಕ್ರಗಳು. ಬಜಾಜ್ ಆಟೋದ ಆಕುರ್ಡಿ, ಚಾಕಣ ಕಾರ್ಖಾನೆಗಳು ಇಲ್ಲೇ ಪಕ್ಕದಲ್ಲಿವೆ. 1972ರಲ್ಲಿ ಲೂನಾ ತಂದ ಫಿರೋದಿಯಾ ಕುಟುಂಬದ ಕೈನೆಟಿಕ್ ಇಲ್ಲಿಯದೇ. ಹೊಸ ಮಾದರಿಗಳ ಹೊಗೆ ಅಳೆದು ಪ್ರಮಾಣಪತ್ರ ಕೊಡುವ ಎಆರ್‌ಎಐ ಸಂಸ್ಥೆ 1966ರಿಂದ ಇದೇ ಊರಿನ ಗುಡ್ಡದ ಮೇಲಿದೆ. ಬಿಡಿಭಾಗ ಬೇಕೆಂದರೆ ನಾನಾ ಪೇಠ್ ಇದೆ. ಗಾಡಿ ಹುಟ್ಟುವುದು, ಪರೀಕ್ಷೆಗೆ ನಿಲ್ಲುವುದು, ಓಡುವುದು, ಕೆಡುವುದು, ಬಿಚ್ಚಿ ಮಾರಾಟವಾಗುವುದು ಎಲ್ಲವೂ ಒಂದೇ ಊರಿನಲ್ಲಿ. ಇಂಥ ಊರಿನಲ್ಲೂ ಒಬ್ಬ ಡೆಲಿವರಿ ಹುಡುಗನಿಗೆ ತನ್ನ ಗಾಡಿ ಯಾಕೆ ಹತ್ತುತ್ತಿಲ್ಲ ಎಂದು ಗೊತ್ತಾಗದೆ ಅರ್ಧ ದಿನದ ದುಡಿಮೆ ಹೋಗುತ್ತದೆ ಎಂದರೆ ತಪ್ಪು ಅವನಲ್ಲಿ ಮಾತ್ರ ಹುಡುಕಬಾರದು.

ಮೊದಲು ಗಾಡಿಯ ವಿಷಯ. ಪೆಟ್ರೋಲ್ ಎಂಜಿನ್ನಿಗೆ ಬೇಕಾದದ್ದು ತುಂಬಾ ಕಡಿಮೆ: ಪೆಟ್ರೋಲು, ಗಾಳಿ, ಅವೆರಡನ್ನೂ ಒತ್ತಿ ಹಿಡಿಯುವ ಕಂಪ್ರೆಷನ್, ಸರಿಯಾದ ಗಳಿಗೆಯಲ್ಲಿ ಒಂದು ಕಿಡಿ. ಗ್ಯಾರೇಜಿನ ಭಾಷೆಯಲ್ಲಿ ಕಿಡಿಗೆ 'ಕರೆಂಟ್' ಎಂದೇ ಹೆಸರು. ಸೆಲ್ಫ್ ತಿರುಗುತ್ತಿದ್ದೂ ಗಾಡಿ ಹತ್ತದಿದ್ದರೆ ಈ ನಾಲ್ಕರಲ್ಲಿ ಒಂದು ಬಂದಿಲ್ಲ, ಅಷ್ಟೇ. ಐದನೆಯ ಕಾರಣವೊಂದಿದೆ, ಹೇಳಿದರೆ ನಗು ಬರುತ್ತದೆ: ಹ್ಯಾಂಡಲ್ ಮೇಲಿನ ಕೆಂಪು ಕಿಲ್ ಸ್ವಿಚ್. ಹಲವು ಹಳೆಯ ಗಾಡಿಗಳಲ್ಲಿ ಅದು ಕರೆಂಟನ್ನಷ್ಟೇ ಕಡಿಯುತ್ತದೆ, ಸೆಲ್ಫ್ ಎಂದಿನಂತೆ ತಿರುಗುತ್ತಲೇ ಇರುತ್ತದೆ. ಪಾರ್ಕಿಂಗಿನಲ್ಲಿ ಯಾರದೋ ಮಗು ಒತ್ತಿದ ಆ ಸ್ವಿಚ್ಚಿಗಾಗಿ ಗಾಡಿಯನ್ನು ಟೆಂಪೋ ಹತ್ತಿಸಿದವರಿದ್ದಾರೆ. ಪೆಟ್ರೋಲ್ ಕಾಕ್ ಇರುವ ಗಾಡಿಯಲ್ಲಿ ಕಾಕ್ ಬಂದ್ ಆಗಿರುವುದು, ಸೈಡ್ ಸ್ಟ್ಯಾಂಡ್ ಇಳಿದೇ ಇರುವುದು, ಟ್ಯಾಂಕಿನಲ್ಲಿ ಪೆಟ್ರೋಲೇ ಇಲ್ಲದಿರುವುದು ಇದೇ ಗುಂಪಿನವು. ಇವನ್ನು ನೋಡಲು ಒಂದು ನಿಮಿಷ ಸಾಕು, ಆದರೆ ಈ ಒಂದು ನಿಮಿಷವನ್ನು ಕೊಡದೆ ಸವಾರ ಹತ್ತು ನಿಮಿಷ ಸೆಲ್ಫ್ ಒತ್ತುತ್ತಾನೆ.

ಆ ಒತ್ತುವಿಕೆಯೇ ಅರ್ಧ ಕೇಡು. ಸೆಲ್ಫನ್ನು ಐದು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಒತ್ತಬಾರದು, ನಡುವೆ ಬಿಡುವು ಕೊಡಬೇಕು ಎಂದು ಗಾಡಿಯ ಜೊತೆ ಬರುವ ಪುಸ್ತಕಗಳಲ್ಲಿ ಬರೆದಿರುತ್ತದೆ. ಅದನ್ನು ಓದುವವರು ಕಡಿಮೆ. ಬಿಡದೆ ಒತ್ತಿದರೆ ಪೆಟ್ರೋಲು ಸಿಲಿಂಡರಿಗೆ ಬಂದು ಬಂದು ಪ್ಲಗ್ ನೆನೆದು ಓವರ್‌ಫ್ಲೋ ಆಗುತ್ತದೆ. ಅಷ್ಟರಲ್ಲಿ ಬ್ಯಾಟರಿಯೂ ಇಳಿದಿರುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ಒತ್ತಿದಾಗ ಅದು ಇಳಿಯುವುದು ಸಹಜ, ಆದರೆ 10ಕ್ಕಿಂತ ಕೆಳಗೆ ಕುಸಿದರೆ ಮೋಟಾರು ಹೇಗೋ ತಿರುಗುತ್ತದೆ, ಇಂಜೆಕ್ಷನ್ ಗಾಡಿಯ ಕಂಪ್ಯೂಟರು ಮತ್ತು ಪೆಟ್ರೋಲ್ ಪಂಪು ಮಾತ್ರ ಸರಿಯಾಗಿ ಕೆಲಸ ಮಾಡುವುದಿಲ್ಲ. ಸೆಲ್ಫ್ ಹೊಡೆಯುತ್ತಿದೆ, ಆದ್ದರಿಂದ ಬ್ಯಾಟರಿ ಸರಿಯಿದೆ ಎಂಬ ತೀರ್ಮಾನ ಹಳೆಯ ಗಾಡಿಗೆ ಸಾಕಾಗಿತ್ತು, ಹೊಸದಕ್ಕೆ ಸಾಲದು. ಒಂದು ಮೀಟರ್ ಇಟ್ಟು ನೋಡಿದರೆ ಬಗೆಹರಿಯುವ ಪ್ರಶ್ನೆ. ಸಾಧಾರಣ ಮಲ್ಟಿಮೀಟರಿನ ಬೆಲೆ ಒಂದು ಹೊಸ ಬ್ಯಾಟರಿಯ ಬೆಲೆಗಿಂತ ಎಷ್ಟೋ ಕಡಿಮೆ.

ಇನ್ನು ಪ್ಲಗ್. ಗಾಡಿಯೊಳಗೆ ಏನಾಗುತ್ತಿದೆ ಎಂದು ಹೊರಗೆ ಬಂದು ಹೇಳುವ ಭಾಗ ಇದೊಂದೇ. ಕನ್ನಡಿಗರಿಗೆ ಪ್ಲಗ್ ಎಂದರೆ ಬಹಳ ಕಾಲ ಮೈಕೋ ಪ್ಲಗ್. ಬೆಂಗಳೂರಿನ ಆಡುಗೋಡಿಯಲ್ಲಿ 1950ರ ದಶಕದಲ್ಲಿ ಶುರುವಾದ ಆ ಕಾರ್ಖಾನೆಯ ಹೆಸರು ಗ್ಯಾರೇಜು ಗ್ಯಾರೇಜಿನ ಗೋಡೆಯ ಮೇಲಿತ್ತು. ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಪ್ಲಗ್ ಬಿಚ್ಚಿ ಬೆರಳಿನಲ್ಲಿ ಮುಟ್ಟಿ ನೋಡಬೇಕು. ಒದ್ದೆಯಿದ್ದು ಪೆಟ್ರೋಲ್ ವಾಸನೆ ಬಂದರೆ, ಪೆಟ್ರೋಲು ತಲುಪುತ್ತಿದೆ, ಉರಿಯುತ್ತಿಲ್ಲ. ಹುಡುಕಾಟ ಕರೆಂಟಿನ ಕಡೆಗೆ ಹೋಗಬೇಕು. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಟ್ಯಾಂಕಿನಿಂದ ಕೆಳಗೆ ದಾರಿ ಹಿಡಿಯಬೇಕು. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು ಅಥವಾ ಗಾಳಿ ಕಡಿಮೆ. ಏರ್ ಫಿಲ್ಟರ್ ತೆರೆದರೆ ಒಮ್ಮೊಮ್ಮೆ ಇಲಿ ಗೂಡು ಕಟ್ಟಿರುವುದು ಕಾಣುತ್ತದೆ, ವೈರು ಕಡಿದಿರುವುದೂ. ಇಷ್ಟು ಮಾಡಲು ಬೇಕಾದದ್ದು ಒಂದು ಪ್ಲಗ್ ಪಾನಾ. ಹಳೆಯ ಗಾಡಿಗಳ ಟೂಲ್ ಕಿಟ್ಟಿನಲ್ಲಿ ಅದು ಇರುತ್ತಿತ್ತು.

ಕರೆಂಟ್ ನೋಡುವ ಕ್ರಮವೂ ಕಷ್ಟದ್ದಲ್ಲ. ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿಟ್ಟು ಸೆಲ್ಫ್ ಹೊಡೆದರೆ ತುದಿಯಲ್ಲಿ ಚಟಚಟ ನೀಲಿ ಕಿಡಿ ಕಾಣಬೇಕು. ಪ್ಲಗ್ ತೂತಿನಿಂದ ದೂರ ಹಿಡಿಯಬೇಕು ಎಂಬುದನ್ನು ಮರೆಯಬಾರದು. ಅಲ್ಲಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತಿರುತ್ತದೆ, ಬೆಂಕಿ ಹತ್ತಿದ ಉದಾಹರಣೆಗಳಿವೆ. ಕಿಡಿ ಕೆಂಪಗೆ ಮಂಕಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಮೊದಲು ಬೇರೆ ಪ್ಲಗ್ ಹಾಕಿ ನೋಡಬೇಕು, ಆಮೇಲೆ ಕ್ಯಾಪು, ಆಮೇಲೆ ಕಾಯಿಲು, ಕೊನೆಗೆ ಸಿಡಿಐ. ಅಗ್ಗದಿಂದ ತುಟ್ಟಿಯ ಕಡೆಗೆ ಹೋಗುವ ಈ ಕ್ರಮವನ್ನು ಮುರಿದರೆ ನಷ್ಟ ಗಿರಾಕಿಯದೇ. ಬಿಡಿಭಾಗದ ಅಂಗಡಿಗಳಲ್ಲಿ ಎಲೆಕ್ಟ್ರಿಕಲ್ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಬೋರ್ಡು ತೂಗುತ್ತಿರುತ್ತದಲ್ಲ, ಅದರರ್ಥ ಇದು: ಸಿಡಿಐ ಹಾಕಿ ನೋಡಿ, ಅದಲ್ಲವೆಂದು ಗೊತ್ತಾದರೂ ಅದರ ದುಡ್ಡು ಕೊಟ್ಟದ್ದೇ.

ಪುಣೆಯ ಪಲ್ಸರ್ ಈ ಕ್ರಮಕ್ಕೆ ಒಂದು ಚಂದದ ತಿರುವು ಕೊಡುತ್ತದೆ. 2001ರಲ್ಲಿ ಬಂದ ಗಾಡಿ, 2003ರಲ್ಲಿ ಡಿಟಿಎಸ್-ಐ ಆಗಿ ಒಂದು ಸಿಲಿಂಡರಿಗೆ ಎರಡು ಪ್ಲಗ್ ಪಡೆಯಿತು. ಒಂದು ಪ್ಲಗ್ ಸತ್ತರೂ ಅದು ಸಾಮಾನ್ಯವಾಗಿ ಚಾಲೂ ಆಗುತ್ತದೆ, ಎಳೆತ ಮಾತ್ರ ಕಡಿಮೆ. ಹಾಗಾಗಿ ಡಿಟಿಎಸ್-ಐ ಗಾಡಿಯಲ್ಲಿ ಎರಡೂ ಕಡೆ ಕರೆಂಟ್ ಇಲ್ಲವೆಂದರೆ ಎರಡು ಪ್ಲಗ್, ಎರಡು ಕಾಯಿಲ್ ಒಟ್ಟಿಗೆ ಹೋಗಿವೆ ಎಂದು ನಂಬುವುದು ಹುಚ್ಚು. ಎರಡಕ್ಕೂ ಸಮಾನವಾದದ್ದು ಏನಿದೆಯೋ ಅಲ್ಲಿ ನೋಡಬೇಕು: ಸಿಡಿಐ, ಪಿಕಪ್ ಕಾಯಿಲ್, ಕಿಲ್ ಸ್ವಿಚ್ಚಿನ ವೈರು. ಎರಡು ಪ್ಲಗ್ ಬದಲಿಸಿ, ಹತ್ತಲಿಲ್ಲವೆಂದು ಎರಡು ಕಾಯಿಲ್ ಬದಲಿಸುವ ಗ್ಯಾರೇಜು ಯೋಚನೆ ಮಾಡಿಲ್ಲ ಎಂದೇ ಲೆಕ್ಕ.

ಕಂಪ್ರೆಷನ್ ವಿಷಯ ಬೇಗ ಮುಗಿಯುತ್ತದೆ. ಇವತ್ತು ಚೆನ್ನಾಗಿ ಓಡಿ ನಾಳೆ ಹತ್ತದ ಗಾಡಿಯಲ್ಲಿ ಅದು ಕಾರಣವಾಗುವುದು ಅಪರೂಪ. ಟ್ಯಾಪೆಟ್ ಬಿಗಿಯಾಗಿದ್ದರೆ ಅಥವಾ ರಿಂಗ್ ಸವೆದಿದ್ದರೆ ಗಾಡಿ ವಾರಗಟ್ಟಲೆ ಮೊದಲೇ ಬೆಳಗಿನ ಹೊತ್ತು ಹಠ ಮಾಡುತ್ತಿರುತ್ತದೆ. ಪ್ಲಗ್, ಪೆಟ್ರೋಲ್ ನೋಡುವ ಮೊದಲೇ 'ಬೋರ್ ಮಾಡಿಸ್ಬೇಕು' ಎನ್ನುವವರಿಂದ ದೂರ ಇರುವುದು ಒಳ್ಳೆಯದು.

ಇಷ್ಟೂ ವಿದ್ಯೆ ಕಾರ್ಬೊರೇಟರ್ ಕಾಲದಲ್ಲಿ ಬೀದಿಯಲ್ಲಿತ್ತು. ಬಜಾಜ್ ಚೇತಕ್ ಹತ್ತದಿದ್ದರೆ ಅದನ್ನು ಒಂದು ಬದಿಗೆ ವಾಲಿಸಿ ನಿಲ್ಲಿಸಿ, ಮತ್ತೆ ಕಿಕ್ ಹೊಡೆಯುತ್ತಿದ್ದ ತಂದೆಯರ ಚಿತ್ರ ಒಂದು ತಲೆಮಾರಿನ ಮನಸ್ಸಿನಲ್ಲಿದೆ. ವಾಲಿಸುವುದರಿಂದ ಎಷ್ಟು ಸಲ ನಿಜವಾಗಿ ಉಪಯೋಗವಾಯಿತೋ ಬಿಡಿ, ಪೆಟ್ರೋಲು ಕಾರ್ಬೊರೇಟರಿಗೆ ಹರಿಯಬೇಕು ಎಂಬುದು ಆ ಗುಮಾಸ್ತನಿಗೂ ಮೇಷ್ಟ್ರಿಗೂ ಗೊತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳಲ್ಲಿ ಗೇರ್ ಲಿವರನ್ನೇ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತಿತ್ತು. ಕಿಕ್ ಹೊಡೆಯುವ ಕಾಲಿಗೆ ಕಂಪ್ರೆಷನ್ ಇದೆಯೋ ಇಲ್ಲವೋ ತಿಳಿಯುತ್ತಿತ್ತು. ಅದು ಮೀಟರ್ ಇಲ್ಲದ ಮಾಪನ. 1984ರಲ್ಲಿ ಕೈನೆಟಿಕ್ ಹೋಂಡಾ ಬಂದು 'ಸೆಲ್ಫ್' ಎಂಬ ಶಬ್ದವನ್ನು ಮನೆಮಾತು ಮಾಡಿತು. ಸೀರೆ ಉಟ್ಟವರಿಗೆ, ಮೊಣಕಾಲು ನೋವಿನವರಿಗೆ ಅದರಿಂದ ಆದ ಬಿಡುಗಡೆ ಸಣ್ಣದಲ್ಲ, ಕಿಕ್ಕರಿನ ಕಾಲವೇ ಒಳ್ಳೆಯದಿತ್ತು ಎಂದು ಹಾಡುವುದರಲ್ಲಿ ಅರ್ಥವಿಲ್ಲ. ಆದರೆ ಇವತ್ತಿನ ಹಲವು ಮಾದರಿಗಳಲ್ಲಿ ಕಿಕ್ಕರ್ ಇಲ್ಲವೇ ಇಲ್ಲ. ಸೆಲ್ಫ್ ಗುಂಡಿಯ ಆಚೆ ಏನಿದೆ ಎಂಬುದನ್ನು ತಿಳಿಯುವ ಕೊನೆಯ ತಂತು ಅದರ ಜೊತೆ ಹೋಯಿತು.

ದೊಡ್ಡ ತಿರುವು ಬಂದದ್ದು 2020ರ ಏಪ್ರಿಲ್ 1ಕ್ಕೆ. ಬಿಎಸ್6 ನಿಯಮ ಜಾರಿಗೆ ಬಂದು ಕಾರ್ಬೊರೇಟರ್ ಹೆಚ್ಚುಕಡಿಮೆ ಇತಿಹಾಸವಾಯಿತು. ಈಗ ಟ್ಯಾಂಕಿನೊಳಗೆ ಪಂಪು ಕೂತಿದೆ, ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಇಂಜೆಕ್ಟರಿಗೆ ತಳ್ಳುತ್ತದೆ, ಎಷ್ಟು ಸಿಂಪಡಿಸಬೇಕು, ಯಾವಾಗ ಕಿಡಿ ಕೊಡಬೇಕು ಎಂಬುದನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಗಾಳಿ ಸ್ವಚ್ಛವಾಗಬೇಕಾದರೆ ಇದು ಬೇಕಿತ್ತು. ಚಳಿಗಾಲದಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಇಳಿಯುವ ಪುಣೆಯ ಬೆಳಗಿನಲ್ಲಿ ಚೋಕ್ ಎಳೆಯುವ ಗೋಜಿಲ್ಲದೆ ಗಾಡಿ ಹತ್ತುವುದು ಇದರಿಂದಲೇ.

ಇಂಜೆಕ್ಷನ್ ಗಾಡಿಯ ತರ್ಕ ಹಳೆಯದೇ, ಅದನ್ನು ಕೇಳುವ ರೀತಿ ಬೇರೆ. ಚಾವಿ ತಿರುಗಿಸಿದಾಗ ಟ್ಯಾಂಕಿನಿಂದ ಎರಡು ಮೂರು ಸೆಕೆಂಡು 'ಗುಂಯ್' ಎಂಬ ಸದ್ದು ಬರಬೇಕು, ಅದು ಪಂಪು. ಸದ್ದಿಲ್ಲದಿದ್ದರೆ ಮೊದಲು ಫ್ಯೂಸು, ಆಮೇಲೆ ರಿಲೇ, ಆಮೇಲೆ ಪಂಪು. ಗಾಡಿ ಬಿದ್ದಿತ್ತೇ ಎಂದು ಕೇಳಬೇಕು: ವಾಲಿದ್ದನ್ನು ಗುರುತಿಸುವ ಸೆನ್ಸರ್ ಎಂಜಿನ್ನನ್ನು ತಡೆದಿದ್ದರೆ, ಗಾಡಿ ನೆಟ್ಟಗೆ ನಿಲ್ಲಿಸಿ ಚಾವಿ ಬಂದ್ ಮಾಡಿ ಮತ್ತೆ ಹಾಕಿದರೆ ಸಾಕು. ಕರೆಂಟೂ ಇಲ್ಲ, ಪ್ಲಗ್ಗೂ ಒಣಗಿದೆ, ಪಂಪಿನ ಸದ್ದು ಮಾತ್ರ ಸರಿಯಿದೆ ಎಂದಾದರೆ ಕ್ರ್ಯಾಂಕ್ ಎಲ್ಲಿದೆ ಎಂದು ತಿಳಿಸುವ ಸೆನ್ಸರ್ ಮೇಲೆ ಅನುಮಾನ ಹೋಗಬೇಕು. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಇಸಿಯುಗೆ ಮುಟ್ಟದಿದ್ದರೆ ಅದು ಪೆಟ್ರೋಲನ್ನೂ ಕೊಡುವುದಿಲ್ಲ, ಕಿಡಿಯನ್ನೂ ಕೊಡುವುದಿಲ್ಲ. ಒಂದು ಸಡಿಲ ಕನೆಕ್ಟರ್ ಎರಡನ್ನೂ ನಿಲ್ಲಿಸಬಲ್ಲದು. ನಾನಾ ಪೇಠಿನಿಂದ ಹೊಸ ಇಸಿಯು ತರುವ ಮೊದಲು ಆ ಕನೆಕ್ಟರನ್ನು ಬಿಚ್ಚಿ ಒರೆಸಿ ಹಾಕುವ ತಾಳ್ಮೆ ಬೇಕು.

ಇಲ್ಲಿಂದ ಮುಂದೆ ಮೆಕ್ಯಾನಿಕ್‌ನ ಕಿವಿ, ಮೂಗು, ಬೆರಳು ಸಾಲದೆ ಹೋಗುತ್ತವೆ. ಯಾವ ಸೆನ್ಸರ್ ಏನು ಹೇಳುತ್ತಿದೆ ಎಂಬುದು ಇಸಿಯು ಒಳಗೆ ದಾಖಲಾಗಿದೆ. ಅದನ್ನು ಓದಲು ಸ್ಕ್ಯಾನರ್ ಬೇಕು. ಕಂಪನಿಯ ಸ್ಕ್ಯಾನರ್ ಕಂಪನಿಯ ಸರ್ವಿಸ್ ಸೆಂಟರಿನಲ್ಲಿರುತ್ತದೆ. ಹೊರಗಿನ ಗ್ಯಾರೇಜಿನವನು ಎಲ್ಲ ಕಂಪನಿಗೂ ಹೊಂದುವ ಸ್ಕ್ಯಾನರಿಗೆ ಸಾವಿರಾರು ರೂಪಾಯಿ ಹಾಕಿ, ಒಂದೊಂದು ಕಂಪನಿಯ ಸಾಕೆಟ್ಟಿಗೆ ಒಂದೊಂದು ಕೇಬಲ್ ಜೋಡಿಸಿಕೊಂಡು, ಆಮೇಲೂ ಹೊಸ ಮಾದರಿ ಬಂದಾಗ ಅಪ್‌ಡೇಟಿಗೆ ಕಾಯಬೇಕು. ಅಷ್ಟು ಬಂಡವಾಳ ಇಲ್ಲದವನು ಏನು ಮಾಡುತ್ತಾನೆ? ಊಹಿಸಿ ಸಾಮಾನು ಬದಲಿಸುತ್ತಾನೆ, ಇಲ್ಲವೇ 'ಕಂಪನಿಗೇ ಒಯ್ರಿ' ಎನ್ನುತ್ತಾನೆ. ಸರ್ವಿಸ್ ಸೆಂಟರಿನಲ್ಲಿ ಗಾಡಿಗೆ ಸರದಿ ಸಿಗಲು ಒಂದು ದಿನ, ರಿಪೇರಿಗೆ ಇನ್ನೊಂದು ದಿನ. ದಿನಕ್ಕಿಷ್ಟು ಆರ್ಡರ್ ಎಂದು ದುಡಿಯುವವನಿಗೆ ಅವು ಸಂಬಳವಿಲ್ಲದ ದಿನಗಳು, ಗಾಡಿಯ ಇಎಂಐ ಮಾತ್ರ ನಿಲ್ಲುವುದಿಲ್ಲ.

ವಿಚಿತ್ರವೆಂದರೆ ಇದೇ ಗಾಡಿಗಳ ಮೀಟರಿನಲ್ಲಿ ಈಗ ಫೋನ್ ಮಾಡಿದವರ ಹೆಸರು ಬರುತ್ತದೆ. ಬ್ಲೂಟೂತ್ ಇದೆ, ಮುಂದಿನ ತಿರುವು ಎಡಕ್ಕೋ ಬಲಕ್ಕೋ ತೋರಿಸುವ ಬಾಣ ಇದೆ, ಎಸ್ಸೆಮ್ಮೆಸ್ ಬಂದರೆ ತಿಳಿಯುತ್ತದೆ. ಗಾಡಿ ಯಾಕೆ ಹತ್ತುತ್ತಿಲ್ಲ ಎಂದು ಹೇಳಲು ಮಾತ್ರ ಬಹುಪಾಲು ಮಾದರಿಗಳ ಪರದೆಗೆ ಬಾಯಿಲ್ಲ. ಅಲ್ಲೊಂದು ಹಳದಿ ಎಂಜಿನ್ ದೀಪ ಉರಿಯುತ್ತದೆ, ಅಷ್ಟೇ. ಅತ್ತೆಯ ಫೋನ್ ಬಂದಿದೆ ಎಂದು ಹೇಳಬಲ್ಲ ಪರದೆ, ಪಂಪಿನ ವೈರಿನಲ್ಲಿ ಕರೆಂಟಿಲ್ಲ ಎಂದು ಹೇಳಲಾರದೇ? ಹೇಳಬಲ್ಲದು. ಕೆಲವು ಕಂಪನಿಗಳ ಇಂಜೆಕ್ಷನ್ ಗಾಡಿಗಳಲ್ಲಿ ಆ ದೀಪದ ಮಿಣುಕಿನಲ್ಲೇ ಕೋಡ್ ಇದೆ: ಉದ್ದ ಮಿಣುಕಿಗೆ ಹತ್ತು, ಗಿಡ್ಡ ಮಿಣುಕಿಗೆ ಒಂದು, ಎಣಿಸಿ ಕೂಡಿಸಿದರೆ ಯಾವ ಸೆನ್ಸರ್ ಎಂದು ಗೊತ್ತಾಗುತ್ತದೆ. ಸ್ಕ್ಯಾನರೇ ಬೇಡ. ಒಂದು ದೀಪದಿಂದ ಆಗುವ ಕೆಲಸ ಬಣ್ಣದ ಪರದೆಯಿಂದ ಆಗುವುದಿಲ್ಲವೆಂದರೆ ಅದು ತಂತ್ರಜ್ಞಾನದ ಕೊರತೆಯಲ್ಲ, ಕೊಡಬೇಕೆಂಬ ಮನಸ್ಸಿನ ಕೊರತೆ.

ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಬೇಕಾಗಿಯೂ ಇಲ್ಲ. ಬಿಎಸ್6ರ ಜೊತೆಗೇ ಓಬಿಡಿ, ಅಂದರೆ ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿ ದಾಖಲಿಸಿಕೊಳ್ಳುವ ವ್ಯವಸ್ಥೆ, ದ್ವಿಚಕ್ರಗಳಿಗೂ ಕಡ್ಡಾಯವಾಯಿತು. 2023ರ ಏಪ್ರಿಲ್‌ನಲ್ಲಿ ಅದರ ಎರಡನೆಯ ಹಂತ ಬಂತು, 2025ರ ಏಪ್ರಿಲ್‌ನಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ನಿಯಮ ಮಾಡಿದವರು ಗಾಡಿಗೆ ತನ್ನ ಕಾಯಿಲೆ ತಿಳಿಯಬೇಕು ಎಂದರು. ತಿಳಿದದ್ದನ್ನು ಮಾಲೀಕನಿಗೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು ಎಂದು ಒತ್ತಾಯಿಸಲಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಅದು ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರಗಳು, ಮೊಬೈಲುಗಳು, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳೂ ಇದ್ದವು. ಆ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ಶುರುವಾಯಿತು. ಒಂದು ಕೋಡನ್ನು ಪರದೆಯ ಮೇಲೆ ತೋರಿಸಿ ಎಂಬ ಸಣ್ಣ ಕಡ್ಡಾಯ ನಿಯಮ, ಅಂಥ ಹತ್ತು ಪೋರ್ಟಲುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕಂಪನಿಗಳ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿಲ್ಲದೆ ಇಲ್ಲ. ಇಸಿಯು ಬಾಗಿಲು ತೆರೆದರೆ ಒಳಗಿನ ಲೆಕ್ಕಾಚಾರ ಬದಲಿಸಿ ಹೆಚ್ಚು ಪಿಕಪ್ ಬರಿಸಿ ಹೊಗೆ ಉಗುಳುವವರು ಹುಟ್ಟುತ್ತಾರೆ. ಸೈಲೆನ್ಸರ್ ಕೊಯ್ದು ರಾತ್ರಿಯೆಲ್ಲ ರಸ್ತೆಯಲ್ಲಿ ಪಟಾಕಿ ಹೊಡೆಯುವ ಹುಡುಗರನ್ನು ಕಂಡ ಯಾವ ಪುಣೇಕರನೂ ಇದನ್ನು ತಳ್ಳಿಹಾಕುವುದಿಲ್ಲ. ಆದರೆ ಓದುವುದು ಬೇರೆ, ತಿದ್ದುವುದು ಬೇರೆ. ರಕ್ತ ಪರೀಕ್ಷೆಯ ಚೀಟಿಯನ್ನು ರೋಗಿಗೆ ಕೊಟ್ಟರೆ ಅವನು ತಾನೇ ಆಪರೇಷನ್ ಮಾಡಿಕೊಳ್ಳುತ್ತಾನೆ ಎಂದು ಯಾರೂ ಹೆದರುವುದಿಲ್ಲ. ತಿದ್ದುವ ಬಾಗಿಲಿಗೆ ಬೇಕಾದರೆ ನಾಲ್ಕು ಬೀಗ ಹಾಕಲಿ, ಓದುವ ಕಿಟಕಿ ತೆರೆದಿರಲಿ.

ಬೀದಿಯ ಗ್ಯಾರೇಜನ್ನು ಹಾಲಿನಲ್ಲಿ ತೊಳೆದ ಹಾಗೆ ಮಾತಾಡುವುದೂ ಸಲ್ಲದು. ಏನೇ ದೂರು ಬಂದರೂ 'ಕಚರಾ ಬಂದೈತಿ' ಎಂದು ಕಾರ್ಬೊರೇಟರ್ ಬಿಚ್ಚುವ ಚಾಳಿ ಹಳೆಯದು. ಇಂಜೆಕ್ಷನ್ ಬಂದ ಮೇಲೆ ಅದೇ ಚಾಳಿ 'ಸೆನ್ಸರ್ ಹೋಗೈತಿ' ಎಂದು ಹೆಸರು ಬದಲಿಸಿಕೊಂಡಿದೆ. ಗಿರಾಕಿಗೂ ಪಾಲಿದೆ. ಹುಡುಕಿದ್ದಕ್ಕೆ ಕೂಲಿ ಕೊಡು ಎಂದರೆ 'ಏನೂ ಹಾಕಿಲ್ಲವಲ್ಲ, ಎಂಥ ದುಡ್ಡು?' ಎನ್ನುತ್ತಾನೆ. ಸಾವಿರದ ಸಾಮಾನಿಗೆ ಮರುಮಾತಿಲ್ಲದೆ ಕೊಡುವವನು ಅರ್ಧ ಗಂಟೆಯ ಬುದ್ಧಿಗೆ ನೂರು ರೂಪಾಯಿ ಕೊಡಲು ಚೌಕಾಸಿ ಮಾಡುತ್ತಾನೆ. ಸಡಿಲ ಕನೆಕ್ಟರನ್ನು ಪತ್ತೆ ಹಚ್ಚಿ ಸರಿಮಾಡಿದ ಮೆಕ್ಯಾನಿಕ್‌ಗೆ ಚಹದ ದುಡ್ಡು, ಸುಮ್ಮನೆ ಇಸಿಯು ಬದಲಿಸಿದವನಿಗೆ ಕಮಿಷನ್. ಈ ಲೆಕ್ಕ ಹೀಗೇ ಇದ್ದರೆ ಪರೀಕ್ಷಿಸಿ ನೋಡುವ ಮೆಕ್ಯಾನಿಕ್ ಎಷ್ಟು ದಿನ ಉಳಿದಾನು?

ಮಳೆ ಮತ್ತು ಪೆಟ್ರೋಲು ಈ ಊರಿನಲ್ಲಿ ಹೊಸ ರೀತಿಯಲ್ಲಿ ಸೇರುತ್ತಿವೆ, ಅದನ್ನೂ ನೋಡಬೇಕು. ಎಥೆನಾಲ್ ಕಥೆಗೆ ಪುಣೆಯ ನಂಟಿದೆ. 2021ರ ಜೂನ್ 5ರಂದು ಪೂರ್ತಿ ಎಥೆನಾಲ್ ಮಾರುವ ಇ100 ಪ್ರಾಯೋಗಿಕ ಬಂಕುಗಳಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ಪುಣೆಯಲ್ಲಿ. ಶೇ 20 ಎಥೆನಾಲ್ ಬೆರೆತ ಇ20ಗೆ 2023ರ ಫೆಬ್ರವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ಸಕ್ಕರೆ ಕಾರ್ಖಾನೆಗಳು ಸಾಲುಗಟ್ಟಿದ ಪಶ್ಚಿಮ ಮಹಾರಾಷ್ಟ್ರ, ಬೆಳಗಾವಿ ಸೀಮೆಯ ಕಬ್ಬು ಬೆಳೆಗಾರರಿಗೆ ಅದು ಸಿಹಿ ಸುದ್ದಿ. ಗಾಡಿಯ ಮಟ್ಟಿಗೆ ತಿಳಿದಿರಬೇಕಾದದ್ದು ಇಷ್ಟು: ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಶುದ್ಧ ಪೆಟ್ರೋಲಿನಲ್ಲಿ ನೀರು ಕರಗದೆ ತಳದಲ್ಲಿ ಕೂರುತ್ತಿತ್ತು. ಎಥೆನಾಲ್ ಇದ್ದರೆ ಒಂದು ಮಿತಿಯವರೆಗೆ ಕರಗುತ್ತದೆ, ಇ20ರಲ್ಲಿ ಆ ಮಿತಿ ಇ10ಕ್ಕಿಂತ ಹೆಚ್ಚು. ಮಿತಿ ದಾಟಿದರೆ ನೀರು ತಾನೊಂದೇ ಇಳಿಯುವುದಿಲ್ಲ, ಎಥೆನಾಲನ್ನೂ ಜೊತೆಗೆ ಎಳೆದುಕೊಂಡು ತಳ ಸೇರುತ್ತದೆ. ಪಂಪು ಹೀರುವುದು ತಳದಿಂದ. ತಿಂಗಳುಗಟ್ಟಲೆ ಮಳೆಯಲ್ಲಿ ನಿಂತ, ಮುಚ್ಚಳದ ರಬ್ಬರು ಸವೆದ ಗಾಡಿ ಒಂದು ಬೆಳಗ್ಗೆ ಹತ್ತದಿದ್ದರೆ ಇದನ್ನು ಅನುಮಾನಿಸುವುದು ನ್ಯಾಯ. ಟ್ಯಾಂಕಿನ ತಳದ ಪೆಟ್ರೋಲನ್ನು ಪಾರದರ್ಶಕ ಬಾಟಲಿಗೆ ಇಳಿಸಿ ಸ್ವಲ್ಪ ಹೊತ್ತು ಬಿಟ್ಟರೆ ಎರಡು ಪದರ ಕಣ್ಣಿಗೇ ಕಾಣುತ್ತದೆ. ಹತ್ತದ ಪ್ರತಿ ಗಾಡಿಗೂ ಇ20 ಎಂದು ಬೈಯುವುದು ಮಾತ್ರ ಇನ್ನೊಂದು ಬಗೆಯ ಊಹೆ. ಬಾಟಲಿ ನೋಡದೆ ಹೇಳಿದ ಮಾತಿಗೆ 'ಕಾಯಿಲ್ ಹೋಗಿರ್ಬೇಕು' ಎಂಬುದಕ್ಕಿಂತ ಹೆಚ್ಚಿನ ಬೆಲೆಯಿಲ್ಲ.

ನೀರಿನ ಇನ್ನೊಂದು ಅಪಾಯ ಇದಕ್ಕಿಂತ ಭಾರಿಯದು. ಖಡಕವಾಸಲಾದಿಂದ ನೀರು ಬಿಟ್ಟಾಗ ಮುಠಾ ನದಿಯ ಬಾಬಾ ಭಿಡೆ ಸೇತುವೆ ಮುಳುಗುವುದು ಪುಣೆಗೆ ಅಭ್ಯಾಸವಾಗಿದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ್ ಓಢಾ ಉಕ್ಕಿ ಗಾಡಿಗಳು ಕೊಚ್ಚಿಹೋದವು. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರದ ಮನೆಗಳಿಗೇ ನೀರು ನುಗ್ಗಿತು. ನೀರು ಇಳಿದ ಮೇಲೆ ಯಾರೇ ಆದರೂ ಮಾಡುವ ಮೊದಲ ಕೆಲಸ, ಹತ್ತುತ್ತದೋ ನೋಡೋಣ ಎಂದು ಸೆಲ್ಫ್ ಒತ್ತುವುದು. ಮಾಡಲೇಬಾರದ ಕೆಲಸ ಅದೇ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನಲ್ಲಿ ನೀರಿದ್ದಾಗ ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಮುಳುಗಿದ ಗಾಡಿಯಲ್ಲಿ ಮೊದಲು ಬ್ಯಾಟರಿಯ ವೈರು ತೆಗೆಯಬೇಕು, ಪ್ಲಗ್ ಬಿಚ್ಚಬೇಕು, ಎಂಜಿನ್ ಆಯಿಲ್ ನೋಡಬೇಕು. ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ, ಇಳಿಸಿ ಹೊಸದು ಹಾಕಬೇಕು. ಪ್ಲಗ್ ಬಿಚ್ಚಿದ ತೂತಿನಿಂದ ನೀರು ಹೊರಗೆ ಹೋದ ಮೇಲೆಯೇ ಮುಂದಿನ ಮಾತು. ನೆರೆಯಲ್ಲಿ ನಿಂತ ಗಾಡಿಯನ್ನು ಚಾಲೂ ಮಾಡಲು ಹೋಗಿ ಎಂಜಿನ್ ಹಾಳಾದರೆ ಸಾಧಾರಣ ವಿಮೆ ಅದನ್ನು ನೆರೆಯ ನಷ್ಟವೆಂದು ಒಪ್ಪದಿರುವುದೇ ಹೆಚ್ಚು. ನೆರೆಯ ಎಚ್ಚರಿಕೆ ಕೊಡುವಾಗ ಇದೊಂದು ವಾಕ್ಯವನ್ನೂ ಸೇರಿಸಿ ಕಳಿಸಿದರೆ ಮಹಾನಗರ ಪಾಲಿಕೆಗೆ ಖರ್ಚೇನೂ ಇಲ್ಲ. ಬಡವರ ಮನೆಯಲ್ಲಿ ನೆರೆಗೆ ಸಿಕ್ಕಿದ ಅತಿ ತುಟ್ಟಿ ವಸ್ತು ಅನೇಕ ಸಲ ಆ ಗಾಡಿಯೇ ಆಗಿರುತ್ತದೆ.

ಈಗ ಚೇತಕ್ ಮರಳಿ ಬಂದಿದೆ. ಪೆಟ್ರೋಲಿನ ಹಳೆಯ ಚೇತಕ್ ನಿಂತು ವರ್ಷಗಳ ಮೇಲೆ, 2020ರ ಜನವರಿಯಲ್ಲಿ ಅದೇ ಹೆಸರಿನ ವಿದ್ಯುತ್ ಸ್ಕೂಟರ್ ಬಿಡುಗಡೆಯಾಯಿತು, ಮೊದಲು ಮಾರಾಟಕ್ಕೆ ಸಿಕ್ಕಿದ್ದು ಪುಣೆ ಮತ್ತು ಬೆಂಗಳೂರಿನಲ್ಲಿ. ಅದಕ್ಕೆ ಸೆಲ್ಫ್ ಇಲ್ಲ, ಪ್ಲಗ್ ಇಲ್ಲ, ವಾಲಿಸಲು ಕಾರಣವೂ ಇಲ್ಲ. ವಿದ್ಯುತ್ ಸ್ಕೂಟರ್ ನಿಂತರೆ ಬೆರಳಿಗೆ ಒದ್ದೆ ಹತ್ತುವುದಿಲ್ಲ, ಮೂಗಿಗೆ ವಾಸನೆ ಬರುವುದಿಲ್ಲ, ಕಿವಿಗೆ ಪಂಪಿನ ಸದ್ದು ಕೇಳುವುದಿಲ್ಲ. ಯಾಕೆ ನಿಂತಿತು ಎಂಬ ಪ್ರಶ್ನೆಗೆ ಅದರ ಸಾಫ್ಟ್‌ವೇರ್ ಏನು ಹೇಳುತ್ತದೋ ಅದೇ ಉತ್ತರ, ಅದನ್ನು ಯಾರಿಗೆ ಹೇಳುತ್ತದೆ ಎಂಬುದೇ ಉಳಿದ ಪ್ರಶ್ನೆ. ಆ ಕೋಡು ಮಾಲೀಕನ ಪರದೆಗೆ ಬರಬೇಕು ಎಂಬ ನಿಯಮವನ್ನು, ಪೆಟ್ರೋಲ್ ಗಾಡಿಗಳು ರಸ್ತೆಯ ಮೇಲೆ ಇನ್ನೂ ಬಹುಸಂಖ್ಯೆಯಲ್ಲಿರುವಾಗಲೇ, ಪ್ಲಗ್ ಬಿಚ್ಚಿ ನೋಡಬಲ್ಲವರು ನಾನಾ ಪೇಠಿನ ಸುತ್ತ ಇನ್ನೂ ಕೆಲಸ ಮಾಡುತ್ತಿರುವಾಗಲೇ ಬರೆಯಬೇಕು. ಎಆರ್‌ಎಐ ಹೊಗೆ ಅಳೆಯುವ ದಿನವೇ ಪರದೆಯನ್ನೂ ಒಮ್ಮೆ ನೋಡಿ ಟಿಕ್ ಹಾಕಬಹುದು.